ಪ್ರತಿಕ್ರಿಯೆ: ಸಿಖ್ಖರಲ್ಲಿ ಸ್ವರ್ಗ ಇದೆಯಾ, ಸಂತಾಪದಲ್ಲಿ ಏನು ಬರೆಯಲಿ?

ಸಿಖ್ಖರ ಧರ್ಮಗ್ರಂಥವಾದ ಗ್ರಂಥ ಸಾಹಿಬ್‌ನಲ್ಲಿ ಸ್ವರ್ಗ-ನರಕ ಬರುತ್ತವೆ, ಆದರೂ ಸಿಖ್ ಸಹೋದ್ಯೋಗಿ 'ನಮಗೆ ಸ್ವರ್ಗ ಬೇಡ' ಅಂದರು ಎಂಬ ನಿಮ್ಮ ಗೊಂದಲಕ್ಕೆ ಕಾರಣ ಬಹುಶಃ ಇಷ್ಟೇ: ಸ್ವರ್ಗವನ್ನೇ ಕೊನೆಯ ನಿಲ್ದಾಣ ಅಂದುಕೊಂಡಿದ್ದೀರಿ. ಸಿಖ್ ಧರ್ಮದಲ್ಲಿ ಗುರಿ ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ, ಜ್ಯೋತಿ ಜ್ಯೋತಿಯಲ್ಲಿ ಬೆರೆಯುವುದು, ಅಂದರೆ ಆತ್ಮ ದೇವರಲ್ಲಿ ಒಂದಾಗುವುದು. ಅದೇ ಗ್ರಂಥದಲ್ಲಿರುವ ಕಬೀರರ ಪದವೊಂದು ಸಂತರು ಸ್ವರ್ಗ-ನರಕ ಎರಡನ್ನೂ ತಳ್ಳಿಹಾಕುತ್ತಾರೆ ಎನ್ನುತ್ತದೆ. ಐದನೇ ಸಿಖ್ ಗುರು ಅರ್ಜನರಂತೂ ರಾಜ್ಯವೂ ಬೇಡ, ಮುಕ್ತಿಯೂ ಬೇಡ, ನಿನ್ನ ಪಾದದ ಪ್ರೀತಿ ಸಾಕು ಎಂದುಬಿಡುತ್ತಾರೆ!

ಮೊದಲು ಗ್ರಂಥದ ಆರಂಭದಲ್ಲೇ ಬರುವ ಗುರು ನಾನಕರ ರಚನೆ ಜಪ್‌ಜಿಯ 34ರಿಂದ 37ನೇ ಪೌಡಿ (ಪದ್ಯ) ಓದಿ. ಧರ್ಮ್, ಗ್ಯಾನ್, ಸರಮ್, ಕರಮ್, ಸಚ್ ಎಂಬ ಐದು ಖಂಡಗಳು, ಅಂದರೆ ಆಧ್ಯಾತ್ಮಿಕ ನೆಲೆಗಳು, ಸಿಗುತ್ತವೆ. ನಿರಾಕಾರನ ನೆಲೆ ಸಚ್‌ಖಂಡ. (ನಾಂದೇಡಿನ ಹಜೂರ್ ಸಾಹಿಬ್ ಗುರುದ್ವಾರಕ್ಕೂ, ಅಮೃತಸರದ ರೈಲಿಗೂ ಇದೇ ಹೆಸರು, ಹಾಗಾಗಿ ಊರು ಅಂದುಕೊಳ್ಳಬೇಡಿ.) ಈ ಸಚ್‌ಖಂಡ ಸತ್ತ ಮೇಲಿನ ಲೋಕವೋ, ಬದುಕಿರುವಾಗಲೇ ಏರುವ ಮೆಟ್ಟಿಲೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೇ ಒಮ್ಮತವಿಲ್ಲ, ನನಗೆ ಎರಡನೆಯದೇ ಸರಿ ಕಾಣುತ್ತದೆ. ಆಮೇಲೆ ಸಿಖ್ಖರ ರಾತ್ರಿ ಪ್ರಾರ್ಥನೆ ಸೋಹಿಲಾ ನೋಡಿ, ಅಂತ್ಯಸಂಸ್ಕಾರದಲ್ಲಿ ಓದುವುದು ಅದನ್ನೇ.

ಆ ಸಹೋದ್ಯೋಗಿಯ ತಂದೆ ತೀರಿಕೊಂಡದ್ದಕ್ಕೆ ಬರೆಯುವ ಸಂತಾಪದಲ್ಲಿ 'ಸ್ವರ್ಗ ಪ್ರಾಪ್ತಿಯಾಗಲಿ' ಬಿಡಿ. 'ವಾಹೆಗುರು ತನ್ನ ಚರಣಗಳಲ್ಲಿ ನೆಲೆ ಕೊಡಲಿ' ಎಂದು ಬರೆಯಿರಿ (ವಾಹೆಗುರು ಅಂದರೆ ಸಿಖ್ಖರು ದೇವರನ್ನು ಕರೆಯುವ ಹೆಸರು), ಸಿಖ್ಖರೂ ಹಾಗೆಯೇ ಹೇಳುವುದು.