ಹದಿಮೂರು ಅಂಡ ಸಿಕ್ಕಿ, ಹತ್ತು ಪಕ್ವವಾಗಿದ್ದರೂ ಭ್ರೂಣ ಉಳಿಯಲಿಲ್ಲ. ಮುಂದಿನ ಐವಿಎಫ್‌ಗೆ ಮೊದಲು ಅಂಡದ ಗುಣಮಟ್ಟ ಹೆಚ್ಚಲು ನಾನು ಏನು ತಿನ್ನಬೇಕು?

ನಿಮ್ಮ ಹಾಗೆ ನನಗೂ ಆಗಿತ್ತು. ಮೊದಲ ಐವಿಎಫ್‌ನಲ್ಲಿ ನನಗೆ ಹನ್ನೊಂದು ಅಂಡ ಸಿಕ್ಕಿದ್ದವು. ಎಂಟು ಪಕ್ವ, ಇಕ್ಸಿ (ಒಂದೊಂದು ಅಂಡದೊಳಗೆ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸುವುದು) ಮಾಡಿದ ಮೇಲೆ ಆರು ಫಲಿತ. ಐದನೇ ದಿನ ಭ್ರೂಣ ಹಾಕಿಸಿಕೊಳ್ಳಲು ಉಡುಪಿಯಿಂದ ಮಂಗಳೂರಿಗೆ ಹೊರಟಿದ್ದೆವು. ಬಸ್ಸು ಮೂಲ್ಕಿ ಸೇತುವೆ ದಾಟುವಾಗ ಫೋನ್ ಬಂತು: ಇವತ್ತು ಬರುವುದು ಬೇಡ, ಒಂದೂ ಬೆಳೆದಿಲ್ಲ.

ನಾನೂ ನಿಮ್ಮ ಹಾಗೆಯೇ ನನ್ನ ಅಂಡವನ್ನೇ ದೂರಿದೆ. ಅತ್ತೆ ದಾಳಿಂಬೆ ಬಿಡಿಸಿ ಬಟ್ಟಲು ತುಂಬಿಸಿ ಕೊಡುತ್ತಿದ್ದರು, ನಾನು ಕಣ್ಣೀರು ಒರೆಸಿಕೊಂಡು ತಿನ್ನುತ್ತಿದ್ದೆ. ನನ್ನ ನಿಜವಾದ ತಪ್ಪು ಬೇರೆ ಕಡೆ ಇತ್ತು.

ಆ ವರ್ಷ ಆಟಿ ತಿಂಗಳ ಮಳೆಗಾಲದಲ್ಲಿ ನನ್ನ ಗಂಡನಿಗೆ ಡೆಂಗಿ ಬಂದು ಆರು ದಿನ ಜ್ವರ 103ರ ಕೆಳಗೆ ಇಳಿದಿರಲಿಲ್ಲ. ಎರಡು ತಿಂಗಳೊಳಗೆ ಅಂಡ ಬೆಳೆಸುವ ನನ್ನ ಚುಚ್ಚುಮದ್ದು ಆರಂಭವಾಯಿತು. ಆಸ್ಪತ್ರೆಯ ಅರ್ಜಿಯಲ್ಲಿ ‘ಪತಿಗೆ ಕಳೆದ ಮೂರು ತಿಂಗಳಲ್ಲಿ ಜ್ವರ ಬಂದಿತ್ತೇ’ ಎಂಬ ಸಾಲಿತ್ತು. ನೀಲಿ ಪೆನ್ನಿನಿಂದ ‘ಇಲ್ಲ’ ಎಂದು ಬರೆದವಳು ನಾನೇ. ಮುಂದೂಡಿಬಿಟ್ಟಾರು ಎಂಬ ಭಯ. ನನಗೆ ಆಗಲೇ ಮೂವತ್ತೈದು, ಒಂದೊಂದು ತಿಂಗಳೂ ಕೈಜಾರಿದಂತೆ ಅನ್ನಿಸುತ್ತಿತ್ತು. ಒಂದೂವರೆ ವರ್ಷ ಹಳೆಯ ವೀರ್ಯ ಪರೀಕ್ಷೆಯ ವರದಿಯನ್ನು ಅದಕ್ಕೆ ಲಗತ್ತಿಸಿದೆ. ಅದರಲ್ಲಿ ಎಲ್ಲವೂ ಸರಿಯಿತ್ತು, ಆದರೆ ಅದು ಜ್ವರಕ್ಕೆ ಮೊದಲಿನ ಮನುಷ್ಯನ ವರದಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಅಂಡ ತೆಗೆದ ದಿನ ಅವರು ಕೊಟ್ಟ ವೀರ್ಯಾಣುಗಳು ಆ ಜ್ವರದ ಕಾವಿನಲ್ಲೇ ಬೆಳೆದವು. ಜ್ವರದಿಂದ ಸಂಖ್ಯೆ, ಚಲನೆ ಕುಗ್ಗುತ್ತವೆ, ಒಳಗಿನ ಡಿಎನ್‌ಎ ಕೂಡ ತುಂಡಾಗಬಹುದು. ಇಕ್ಸಿಯಲ್ಲಿ ಸೂಜಿಯಿಂದ ಒಳಗೆ ಸೇರಿಸಿದರೆ ಅಂಡ ಫಲಿತವಾಗಬಹುದು, ಡಿಎನ್‌ಎಯ ಹಾನಿ ಸೂಜಿಗೆ ಕಾಣುವುದಿಲ್ಲ. ಮೊದಲ ಎರಡು ಮೂರು ದಿನ ಭ್ರೂಣವನ್ನು ನಡೆಸುವುದು ಮುಖ್ಯವಾಗಿ ಅಂಡದ ದಾಸ್ತಾನು. ಆಮೇಲೆ ಭ್ರೂಣ ತನ್ನದೇ ವಂಶವಾಹಿಗಳನ್ನು ಬಳಸತೊಡಗುತ್ತದೆ, ತಂದೆಯ ಪಾಲಿನ ಕೊರತೆ ಆಗ ಎದ್ದು ಕಾಣುತ್ತದೆ. ನನ್ನ ಆರೂ ಭ್ರೂಣಗಳು ಮೂರನೇ ದಿನ ಚೆನ್ನಾಗಿದ್ದು ನಂತರ ಬೆಳೆಯದೆ ನಿಂತವು. ಜ್ವರವೇ ಕಾರಣವಿರಬಹುದು ಎಂದು ಡಾಕ್ಟರ್ ಹೇಳಿದರು. ಆ ‘ಇಲ್ಲ’ ಬರೆಯದಿದ್ದರೆ ಮೂರು ತಿಂಗಳು ಕಾದು ಮಾಡಿಸುತ್ತಿದ್ದೆವು.

ಹಾಗಾಗಿ ‘ಏನು ತಿನ್ನಬೇಕು’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹದಿಮೂರರಲ್ಲಿ ಹತ್ತು ಪಕ್ವವೆಂದರೆ ಒಳ್ಳೆಯ ಲೆಕ್ಕ, ತೆಗೆದವೆಲ್ಲ ಪಕ್ವವಾಗಿರುವುದು ಅಪರೂಪ. ಪಕ್ವತೆ ಹೆಚ್ಚಾಗಿ ಚುಚ್ಚುಮದ್ದಿನ ಪ್ರಮಾಣವನ್ನೂ ಸಮಯವನ್ನೂ ಅವಲಂಬಿಸಿದೆ. ಟ್ರಿಗರ್ (ಅಂಡವನ್ನು ಕೊನೆಯ ಹಂತಕ್ಕೆ ಪಕ್ವಗೊಳಿಸುವ ಚುಚ್ಚುಮದ್ದು) ಕೊಟ್ಟ ಸುಮಾರು 36 ಗಂಟೆಗೆ ಅಂಡ ತೆಗೆಯುತ್ತಾರೆ. ಅದು ಡಾಕ್ಟರ ಕೈಯಲ್ಲಿದೆ, ದಾಳಿಂಬೆಯ ಕೈಯಲ್ಲಿಲ್ಲ. ವಯಸ್ಸಾದಂತೆ ಅಂಡದ ವರ್ಣತಂತುಗಳಲ್ಲಿ ದೋಷ ಹೆಚ್ಚುವುದನ್ನು ಯಾವ ಪುಡಿಯೂ ತಡೆಯುವುದಿಲ್ಲ. ನಿಮ್ಮ ಭ್ರೂಣಗಳು ಯಾವ ದಿನ ನಿಂತವು ಎಂದು ಪ್ರಯೋಗಾಲಯವನ್ನು ಕೇಳಿ ಬರೆಸಿಕೊಳ್ಳಿ. ಗಂಡನ ಹೊಸ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣುವಿನ ಡಿಎನ್‌ಎ ತುಂಡಾಗಿದೆಯೇ ಎಂದು ನೋಡುವ ಪರೀಕ್ಷೆಯೂ ಬೇಕೇ ಎಂದು ವಿಚಾರಿಸಿ. ಈಚೆಗೆ ಜ್ವರ ಬಂದಿತ್ತೇ, ಬೀಡಿ ಸಿಗರೇಟು ಇದೆಯೇ, ಬಿಸಿಯ ಮುಂದೆ ಕೆಲಸವೇ ಎಂಬುದನ್ನೆಲ್ಲ ಮುಚ್ಚಿಡದೆ ಹೇಳಿ.

ನನ್ನ ಗಂಡನಿಗೆ ಹೋಟೆಲಿನಲ್ಲಿ ದಿನವಿಡೀ ದೋಸೆಕಲ್ಲಿನ ಮುಂದೆ ನಿಲ್ಲುವ ಕೆಲಸ. ಮೂರು ತಿಂಗಳು ಗಲ್ಲಾಪೆಟ್ಟಿಗೆಯಲ್ಲಿ ಕುಳಿತರು, ಬೀಡಿ ಬಿಟ್ಟರು. ಎರಡನೇ ಸಲ ಅಂಡ ಒಂಬತ್ತೇ ಸಿಕ್ಕಿದ್ದು, ಪಕ್ವ ಏಳು. ಐದನೇ ದಿನಕ್ಕೆ ಮೂರು ಭ್ರೂಣ ಉಳಿದವು. ಮೊದಲು ಹಾಕಿಸಿಕೊಂಡದ್ದು ಗರ್ಭದಲ್ಲಿ ಉಳಿಯಲಿಲ್ಲ. ಎರಡನೆಯದಕ್ಕೆ ಈಗ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾಳೆ.