ಅಜ್ಜಿ ಆರಿಸಿದ ಮಾಚಿಕಾಯಿ

ಪ್ರಿಯ ಲೇಖಕರಿಗೆ ನಮಸ್ಕಾರ.

‘ಅಜ್ಜಿಯ ಮಾಚಿಕಾಯಿ’ ಪ್ರಬಂಧ ತಲುಪಿತು. ಭಾಷೆ ಸರಾಗವಾಗಿದೆ, ಮನೆಮದ್ದಿಗೆ ಮಾಚಿಕಾಯಿ ತೇಯುವ ಕಲ್ಲಿನ ಸದ್ದು ಕಿವಿಗೆ ಬೀಳುತ್ತದೆ. ಆದರೆ ಎರಡನೇ ಪುಟ ನನ್ನನ್ನು ಬಿಡದೆ ಕಾಡಿತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

“ತುರ್ಕಿಯ ಓಕ್ ಮರ ಬಿಡುವ ಹಣ್ಣು” ಎಂದಿದ್ದೀರಿ. ಓಕ್‌ನ ಕಾಯಿ ಬೇರೆ. ಪುಟ್ಟ ಬಟ್ಟಲಲ್ಲಿ ಕೂರಿಸಿದಂತಿರುತ್ತದೆ. ಮಾಚಿಕಾಯಿ ಹೆಸರಿಗಷ್ಟೇ ಕಾಯಿ. ಪುಟ್ಟದೊಂದು ಕಣಜ ಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳದ ಸುತ್ತ ಮರವೇ ಗಂಟಾಗಿ ಬೆಳೆಯುತ್ತದೆ. ಹುಳಕ್ಕೆ ಅದೇ ಮನೆ, ಅದೇ ಊಟ. ಇಂಥ ಗಂಟಿನೊಳಗಿನ ಹುಳ ಮೊಟ್ಟೆಯಿಂದ ಬಂದದ್ದೆಂದು ಇಟಲಿಯ ವಿಜ್ಞಾನಿ ಮಾಲ್ಪೀಘಿ 1679ರಲ್ಲೇ ಬರೆದಿದ್ದ.

ಮುಂದಿನ ಸಾಲು: “ಕಣಜ ಕುಟುಕಿದ ವಿಷಕ್ಕೆ ಮರ ಬಾತು ಅಳುತ್ತದೆ.” ಈಗಷ್ಟೇ ಹಣ್ಣಾಗಿದ್ದದ್ದು ಬಾವು ಹೇಗಾಯಿತು? ಈ ಕಣಜ ಕುಟುಕುವುದಿಲ್ಲ, ಮೊಟ್ಟೆಯಿಡುತ್ತದೆ. ‘ಅಳುತ್ತದೆ’ ಎಂಬುದನ್ನು ಹೊಡೆದುಹಾಕಿ. ನೋಡದೆ ಬರೆದಾಗಲೇ ಮರಗಳು ಅಳುವುದು.

ನಾನೂ ಹಾಗೆ ಬರೆದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಂಗೆ ಎಲೆಯ ಗಂಟುಗಳನ್ನು ‘ಕೀಟದ ಕಾಟ’ ಎಂದು ಬರೆದು ಕೊಟ್ಟಿದ್ದೆ. ಹಿರಿಯ ಸಂಪಾದಕರು ಮಾತಾಡದೆ ಒಂದು ಎಲೆ, ಬ್ಲೇಡು, ಭೂತಗನ್ನಡಿ ಮುಂದಿಟ್ಟರು. ಕುಯ್ದು ಬಹಳ ಹೊತ್ತು ದಿಟ್ಟಿಸಿದ ಮೇಲೆ ಧೂಳಿನ ಕಣದಂಥದ್ದೇನೋ ಹರಿದಾಡಿತು. ಅದು ನುಸಿ. ಕೀಟಕ್ಕೆ ಆರು ಕಾಲು, ಈ ಜಾತಿಯ ನುಸಿಗೆ ನಾಲ್ಕೇ. ಆ ಮಧ್ಯಾಹ್ನದ ನಾಚಿಕೆ ಇವತ್ತಿಗೂ ನನ್ನ ಕೈ ಹಿಡಿದು ಬರೆಸುತ್ತದೆ.

ನನಗೆ ನಿಜವಾಗಿ ಸಂಕಟವಾದದ್ದು ಇಲ್ಲಿ: “ಅಜ್ಜಿ ತೂತಿಲ್ಲದ್ದನ್ನೇ ಆರಿಸುತ್ತಿದ್ದಳು” ಎಂದು ಬರೆದು ಸುಮ್ಮನೆ ಮುಂದೆ ಹೋಗಿದ್ದೀರಿ. ಯಾಕೆ ಆರಿಸುತ್ತಿದ್ದಳು? ತೂತೆಂದರೆ ಒಳಗಿನ ಕಣಜ ಬಲಿತು, ಕೊರೆದು ಹಾರಿಹೋದ ಬಾಗಿಲು. ಅದಕ್ಕೂ ಮೊದಲು ಕಿತ್ತದ್ದು ತೂಕ, ಬಣ್ಣ ಗಾಢ, ಒಗರು ಜಾಸ್ತಿ. ಆ ಒಗರೇ ಟ್ಯಾನಿನ್. ಅದಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಾಡಿದ ಕಪ್ಪು ಶಾಯಿಯಲ್ಲೇ ಯುರೋಪು ಶತಮಾನಗಳ ಕಾಲ ಬರೆದದ್ದು. ಸಿರಿಯಾದ ಅಲೆಪ್ಪೊ ಪೇಟೆಯ ಸರಕಿನಲ್ಲೂ ನೀಲಿ-ಹಸಿರು ಛಾಯೆಯ, ತೂತಿಲ್ಲದ ಗಂಟಿಗೇ ಹೆಚ್ಚು ಬೆಲೆ. ತೂತು ಬಿದ್ದ ಬಿಳಿಯದು ಕೆಳದರ್ಜೆ. ಓಕ್ ಮರವನ್ನೇ ಕಾಣದ ನಿಮ್ಮಜ್ಜಿಯ ಬೆರಳಿಗೆ ಅದೇ ಪರೀಕ್ಷೆ ಗೊತ್ತಿತ್ತು! ನಿಮ್ಮ ಪ್ರಬಂಧ ಅಲ್ಲಿದೆ.

ಗ್ರಂಧಿಗೆ ಅಂಗಡಿಯಿಂದ ಎರಡೂ ಬಗೆಯದನ್ನು ತಂದು ಒಡೆಯಿರಿ. ತೂತಿಲ್ಲದ್ದರ ನಡುವೆ ಏನಿದೆಯೆಂದು ನೋಡಿ, ಆ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಹಸ್ತಪ್ರತಿ ನನ್ನ ಮೇಜಿನ ಮೇಲೇ ಇರುತ್ತದೆ.