“ನಂಗೆ ಮೊದಲೇ ಗೊತ್ತಾಗಿತ್ತು ಮೇಡಂ”

ಮುಂದಾಗುವುದು ತಮಗೆ ಮೊದಲೇ ತಿಳಿಯುತ್ತದೆ ಎನ್ನುವವರು ಆಪ್ತಸಮಾಲೋಚನೆಗೆ ನನ್ನಲ್ಲಿಗೆ ಆಗಾಗ ಬರುತ್ತಾರೆ. ಹೆಮ್ಮೆಯಿಂದ ಬರುವವರು ಕಡಿಮೆ, ಹೆದರಿ ಬರುವವರೇ ಜಾಸ್ತಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಮನೆಯ ವಿವರ ಬದಲಿಸಿದ್ದೇನೆ.

ಲಲಿತಾ ಎನ್ನೋಣ. ಕೂಡು ಕುಟುಂಬದ ಹಿರಿಸೊಸೆ. ಮಾವ ಸತ್ತಂತೆ ಅವರಿಗೆ ಕನಸು ಬಿತ್ತು. ಬೆಳಗ್ಗೆ ಅತ್ತೆಗೆ ಹೇಳಿದರು. “ಬಿಡ್ತು ಅನ್ನು” ಎಂದು ಅತ್ತೆ ಗದರಿದರು. ಅದೇ ವಾರ ಮಾವ ತೀರಿಕೊಂಡರು. ಹನ್ನೊಂದರ ದಿನ ಅತ್ತೆ ನೆಂಟರ ಮುಂದೆ, “ಇವಳ ನಾಲಿಗೆ ಮೇಲೆ ಮಚ್ಚೆ ಇದೆ, ಅಂದಿದ್ದು ಆಗುತ್ತೆ” ಎಂದುಬಿಟ್ಟರು. ಅಲ್ಲಿಂದ ಅಕ್ಕಪಕ್ಕದವರು ಮಗಳ ಮದುವೆ, ಗಂಡನ ಕೆಲಸ ಅಂತ ಕೇಳಲು ಬರತೊಡಗಿದರು. ಲಲಿತಾಗೆ ಮಾತ್ರ ಕಣ್ಣು ಮುಚ್ಚಲು ಭಯ. ಮಲಗಿದರೆ ಇನ್ನು ಯಾರ ಕನಸು ಬೀಳುತ್ತದೋ ಎಂದು.

ಆ ದಿನ ನಾನು ಕನಸಿನ ವಿಷಯ ಎತ್ತಲಿಲ್ಲ. ಆ ವಾರ ಮಾವನಿಗೆ ಊಟ ಬಡಿಸುತ್ತಿದ್ದವರು ಯಾರು ಅಂತ ಕೇಳಿದೆ.

“ನಾನೇ.”

“ಹೇಗೆ ಉಣ್ಣುತ್ತಿದ್ದರು?”

ಅರ್ಧ ಮುದ್ದೆ ಹಾಗೇ ಬಿಡುತ್ತಿದ್ದರಂತೆ. ಪಾದ ಊದಿ ಚಪ್ಪಲಿ ಹಿಡಿಯದೆ, ಮಗನ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಹೋಗುತ್ತಿದ್ದರಂತೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿ ಕುರ್ಚಿಯಲ್ಲೇ ಕೂರುತ್ತಿದ್ದರಂತೆ. ಹೃದಯ ಸೋಲುತ್ತಿರುವಾಗ ಕಾಣುವ ಲಕ್ಷಣಗಳಿವು. ಹೇಳುತ್ತ ಹೇಳುತ್ತ ಲಲಿತಾ ಅವರ ದನಿ ನಿಧಾನವಾಯಿತು. ಹಗಲು ನೋಡಿದ್ದನ್ನೇ ಮನಸ್ಸು ರಾತ್ರಿ ಕಥೆ ಮಾಡಿ ಹೇಳಿತ್ತು.

“ನಮ್ಮೆಜಮಾನ್ರ ಕೋಪಾನೂ ಬಾಗಿಲು ತೆಗೆಯೋಕೆ ಮುಂಚೆನೇ ಗೊತ್ತಾಗುತ್ತಲ್ಲ, ಅದು?” ಎಂದರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. “ನಮ್ಮಪ್ಪ ಕುಡೀತಿದ್ರು. ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ಗೊತ್ತಾಗ್ತಿತ್ತು, ಇವತ್ತು ಹೊಡೀತಾರೋ ಇಲ್ವೋ ಅಂತ. ಸದ್ದು ಜೋರಾಗಿದ್ರೆ ತಮ್ಮನ್ನ ಎತ್ಕೊಂಡು ಹಿತ್ತಲಿಗೆ ಓಡ್ತಿದ್ದೆ.”

ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಹೊಡೆತದ ಮನೆಯಲ್ಲಿ ಬೆಳೆದ ಮಗು ಹೆಜ್ಜೆ, ಕೆಮ್ಮು, ಬೀಗದ ಸದ್ದು ಎಲ್ಲವನ್ನೂ ಓದಲು ಕಲಿಯುತ್ತದೆ. ದೊಡ್ಡವರಾದ ಮೇಲೆ ಕಲಿತದ್ದು ಮರೆತುಹೋಗುತ್ತದೆ, ಓದುವುದು ನಿಲ್ಲುವುದಿಲ್ಲ. ಹಾಗಾಗಿ ಎಲ್ಲಿಂದಲೋ ತಾನಾಗಿ ತಿಳಿದಂತೆ ಅನಿಸುತ್ತದೆ.

ಆಗ ಲಲಿತಾ ಕೇಳಿದ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. “ಹಂಗಾದ್ರೆ ನಂಗೆ ಕಂಡಿತ್ತು ಅಂತಾಯ್ತು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ನಾನು ಹೇಳ್ಬೇಕಿತ್ತು ಅಲ್ವಾ ಮೇಡಂ?”

ಮಚ್ಚೆಯ ಪಾಪ ಇಳಿಸಲು ಹೋದರೆ, ಕಂಡೂ ಹೇಳದ ಪಾಪ ಹತ್ತಿ ಕೂತಿತ್ತು. ನಾನು ಹೇಳಿದೆ: “ಆ ಊತ ನಿಮ್ಮ ಅತ್ತೆಯೂ ನೋಡಿದ್ದರು, ಮಗನೂ ನೋಡಿದ್ದರು. ವಯಸ್ಸಾಯಿತು ಅಂದುಕೊಂಡರು. ನೋಡುವುದು ಬೇರೆ, ಅದು ಏನು ಅಂತ ತಿಳಿಯುವುದು ಬೇರೆ. ನಿಮಗೂ ತಿಳಿದಿರಲಿಲ್ಲ. ಆದರೂ ಕನಸಿನ ನೆಪದಲ್ಲಾದರೂ ಆ ಮನೆಯಲ್ಲಿ ಬಾಯಿಬಿಟ್ಟವರು ನೀವೊಬ್ಬರೇ.” ಅವರು ಅತ್ತರು. ನಾನು ತಡೆಯಲಿಲ್ಲ.

ಕೊಟ್ಟ ಸಲಹೆ ಎರಡು. ಕನಸು, ಕಳವಳ ಏನೇ ಬಂದರೂ ಅವತ್ತೇ ತಾರೀಖು ಹಾಕಿ ಬರೆಯಿರಿ, ನಿಜವಾಗದ್ದನ್ನೂ ಬರೆಯಿರಿ ಎಂದೆ. ನಮಗೆಲ್ಲ ಪ್ರತಿ ರಾತ್ರಿ ಸುಮಾರು 90 ನಿಮಿಷಕ್ಕೊಮ್ಮೆ ಕನಸಿನ ನಿದ್ದೆ ಬಂದು ಹೋಗುತ್ತದೆ. ಬಹುಪಾಲು ಬೆಳಗಾಗುವಷ್ಟರಲ್ಲಿ ಮರೆತಿರುತ್ತದೆ. ಕೂಡಿ ಬಂದ ಒಂದು ಮಾತ್ರ ಜೀವಮಾನವಿಡೀ ನೆನಪಿರುತ್ತದೆ. ಎರಡನೆಯದು, ಅಕ್ಕಪಕ್ಕದವರಿಗೆ ಭವಿಷ್ಯ ಹೇಳುವುದನ್ನು ಪೂರ್ತಿ ನಿಲ್ಲಿಸಿ ಎಂದೆ.

“ಆದ್ರೆ ನಾನು ಹೇಳಿದ್ದು ಸರಿ ಅಂತಾರಲ್ಲ?” ಎಂದಾಗ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯ ಕಥೆ ಹೇಳಿದೆ. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಕೊಡುತ್ತಿತ್ತು. 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ಗುಟ್ಟು ಬಿಡಿಸಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವರು ಕಣ್ಣಿಗೆ ಕಾಣದಿದ್ದರೆ, ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಎಣಿಕೆ ಬಂದಾಗ ಕೇಳುವವರ ತಲೆ ತುಸು ಅಲುಗುತ್ತಿತ್ತು, ಅದನ್ನು ನೋಡಿ ಕುದುರೆ ನಿಲ್ಲಿಸುತ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ, ಯಜಮಾನನಿಗೂ ಇದು ತಿಳಿದಿರಲಿಲ್ಲ. ಲಲಿತಾ ಕೂಡ ಯಾರಿಗೂ ಮೋಸ ಮಾಡಿಲ್ಲ. ಬಂದವರ ಮುಖವೇ ಅರ್ಧ ಉತ್ತರ ಹೇಳುತ್ತಿತ್ತು.

ಜನರ ನಂಬಿಕೆಗೆ ಯಾಕೆ ಕೈ ಹಾಕುತ್ತೀರಿ ಎಂದು ನನ್ನನ್ನು ಕೇಳುವವರಿದ್ದಾರೆ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಆಗಿನ ಕುಲಪತಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ಮಾಡಿದ್ದರು. ಅವರ ಬಗ್ಗೆ ನನಗೆ ತುಂಬು ಗೌರವವಿದೆ, ಆದರೆ ನನ್ನ ಕೆಲಸ ಅದಲ್ಲ. ಲಲಿತಾ ಅವರ ದೇವರನ್ನು ನಾನು ಮುಟ್ಟಿಲ್ಲ. “ನಾನೇ ಮಾವನನ್ನ ಕೊಂದೆ” ಎಂದು ಒಬ್ಬ ಹೆಣ್ಣುಮಗಳು ರಾತ್ರಿಯಿಡೀ ಎದ್ದು ಕೂತಿರುವಾಗ, ನಂಬಿಕೆ ಅಂತ ಸುಮ್ನೆ ಇರಲು ನನ್ನಿಂದಾಗದು.

ಒಂದು ಮಾತು ಸೇರಿಸಬೇಕು. ಕಿವಿಯಲ್ಲಿ ಯಾರೋ ಮಾತಾಡಿ ಹೇಳುತ್ತಾರೆ ಎನ್ನುವವರು, ಟಿವಿ ತಮಗೇ ಸುದ್ದಿ ಕಳಿಸುತ್ತಿದೆ ಎನ್ನುವವರು, ವಾರಗಟ್ಟಲೆ ನಿದ್ದೆಯಿಲ್ಲದವರು ಇಂಥ ಮಾತುಕತೆಯಿಂದಷ್ಟೇ ಸುಧಾರಿಸುವುದಿಲ್ಲ. ಅವರನ್ನು ಬೈಯದೆ, ಹಾಸ್ಯ ಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.